ಮೂರು ವರುಷದ ಉಮೇದುವಾರರ ಪೋಷಕರಿಗೊಂದು ಬಹಿರಂಗ ಪತ್ರ

ಬಾಲಾನಗರ, ಹೈದರಾಬಾದು
ಜೂನ್ ಮಾಸಾರಂಭ

ನರ್ಸರಿಯ ಉಮೇದುವಾರರನ್ನು ಹೆತ್ತು ಧನ್ಯರಾದ ಮಾತಾಪಿತೃಗಳ ಸನ್ನಿಧಿಗೆ, ನೆರೆಮನೆಯ ವೃದ್ಧನೊಬ್ಬನ ಅನೇಕ ವಂದನೆಗಳು.

ಯಾವ ಊರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ವಿಮಾನಗಳ ವಿದ್ಯುನ್ಮಾನ ಉಪಕರಣಗಳನ್ನು ನಿರ್ಮಿಸುತ್ತಿರುವುದೋ, ಯಾವ ಊರಿನಲ್ಲಿ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆಯು 1968ರಿಂದ ಕುಶಲಕರ್ಮಿಗಳನ್ನು ತರಬೇತುಗೊಳಿಸುತ್ತ ಬಂದಿರುವುದೋ, ಆ ನಮ್ಮ ಬಾಲಾನಗರದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಬಿಡಿಭಾಗವನ್ನು ತಿರಸ್ಕರಿಸುವ ಕಟ್ಟುನಿಟ್ಟು ಎಲ್ಲರ ರಕ್ತದಲ್ಲಿಯೂ ಬೆರೆತಿರುವುದು ಸಹಜವೇ ಆಗಿದೆ. ಅದನ್ನು ನೀವು ಕಾರ್ಖಾನೆಯ ಗೇಟಿನೊಳಗೆ ಬಿಟ್ಟುಬಾರದೆ ಮನೆಗೂ ಹೊತ್ತುತಂದು, ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲರಿಯದ ಶಿಶುವಿನ ಮೇಲೆ ಪ್ರಯೋಗಿಸುತ್ತಿರುವುದನ್ನು ಕಂಡು ನಾನು ಪುಳಕಿತನಾಗಿದ್ದೇನೆ. ಹೊಸ ಎಂಜಿನ್ನನ್ನು ಮೊದಲ ದಿನವೇ ಪೂರ್ಣ ಭಾರಕ್ಕೆ ಒಡ್ಡದೆ, ಕೆಲಕಾಲ ಹಗುರವಾಗಿ ಓಡಿಸಿ ಪಳಗಿಸಬೇಕೆಂಬ ವರ್ಕ್‌ಶಾಪಿನ ಮತ್ತೊಂದು ನಿಯಮವನ್ನು ಮಾತ್ರ ಗೇಟಿನೊಳಗೇ ಮರೆತುಬಂದಿರುವಿರಷ್ಟೆ.

ನಿಮ್ಮ ಸಿದ್ಧತೆಗಳಿಗಂತೂ ಎಣೆಯಿಲ್ಲ. ಹತ್ತು ಬಣ್ಣಗಳ, ಇಪ್ಪತ್ತು ಹಣ್ಣುಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸುವ ಮಗುವಿಗೆ ತನ್ನ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲು ಬಾರದು. ಬಂದರೆ ಅಂಕವೂ ದೊರೆಯದು. ಬೀದರಿನಿಂದಲೋ ಕಲಬುರಗಿಯಿಂದಲೋ ಬಂದ ಕನ್ನಡದ ಮನೆಯಲ್ಲಿ ಹುಟ್ಟಿ, ಬೀದಿಯಲ್ಲಿ ತೆಲುಗನ್ನೂ ಅಂಗಡಿಯಲ್ಲಿ ದಖ್ಖನಿಯನ್ನೂ ಕೇಳುತ್ತ ಬೆಳೆದ ಕೂಸು, ಇಂಗ್ಲಿಷಿನ ತರಗತಿಯಲ್ಲಿ ‘ಒಂದಕ್ಕೆ ಬಂದದ’ ಎಂದು ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ಒದ್ದೆಯಾಗಿ ನಿಲ್ಲುವುದು. ಆ ಒಂದು ವಾಕ್ಯವನ್ನು ಟೀಚರಿಗೆ ತಿಳಿಯುವ ಮಾತಿನಲ್ಲಿ ಕಲಿಸಿದ್ದರೆ ಆ ಇಪ್ಪತ್ತೂ ಹಣ್ಣುಗಳಿಗಿಂತ ಹೆಚ್ಚಿನ ಧೈರ್ಯ ಅದಕ್ಕೆ ಬರುತ್ತಿತ್ತೇನೋ. ಆದರೆ ಅಂತಹ ಕ್ಷುದ್ರ ವಿಷಯವನ್ನು ನೆಂಟರೆದುರು ಹಾಡಿಸಿ ತೋರಿಸಲಾಗುವುದೆ?

ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸಿ ಆರಿಸುವ ಶಾಲೆಗೆ ಮೊದಲ ತಪ್ಪಿಗೆ 25,000 ರೂಪಾಯಿಗಳವರೆಗೆ, ಅನಂತರದ ಪ್ರತಿಯೊಂದು ತಪ್ಪಿಗೂ 50,000 ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ. ಆದರೆ ಆ ಕಾಯಿದೆಯ ಕಣ್ಣಿಗೆ ಮಗುವೆಂದರೆ ಆರರಿಂದ ಹದಿನಾಲ್ಕರದು. ಆದುದರಿಂದ ನರ್ಸರಿಯ ಸಾಮಾನ್ಯ ಪ್ರವೇಶಕ್ಕೆ ಅದು ಅನ್ವಯಿಸದೆಂದು 2013ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಆರು ವರುಷದವನನ್ನು ಅಳೆದು ತೂಗುವುದು ಅಪರಾಧ, ಮೂರು ವರುಷದವನನ್ನು ಅಳೆಯುವುದು ಬರಿಯ ‘ಮಾತುಕತೆ’ ಎಂಬ ಈ ಸೂಕ್ಷ್ಮವನ್ನು ಶಿಶುಗಳು ಅರಿತು ತಮ್ಮ ಜನನವನ್ನು ಮೂರು ವರುಷ ಹಿಂದಕ್ಕೆ ಹಾಕಿಕೊಳ್ಳಬೇಕಾಗಿತ್ತು.

ಇನ್ನು ಶಾಲೆಯ ಹೊಸ್ತಿಲಲ್ಲಿ ನೀವು ಮೆರೆಯುವ ಪಲಾಯನ ವಿದ್ಯೆಯನ್ನು ಎಷ್ಟು ಹೊಗಳಿದರೂ ಸಾಲದು. ‘ಇಲ್ಲೇ ಇರ್ತೀನಿ ಪುಟ್ಟಾ’ ಎಂದು ನುಡಿದು, ಗೋಡೆಯ ಮೇಲಿನ ಆನೆಯ ಚಿತ್ರವನ್ನು ತೋರಿಸಿ, ಮಗು ಕತ್ತು ತಿರುಗಿಸಿದ ನಿಮಿಷದಲ್ಲಿ ಮಾಯವಾಗುವಿರಿ. ಅಂದಿನಿಂದ ಅದು ಮನೆಯಲ್ಲಿ ನೀವು ಸ್ನಾನಕ್ಕೆ ಹೋದರೂ ಬಾಗಿಲು ಬಡಿಯುತ್ತ ನಿಂತರೆ, ‘ಸ್ಕೂಲಿಗೆ ಹಾಕಿದ ಮೇಲೆ ಹಟ ಹೆಚ್ಚಾಯಿತು’ ಎಂದು ಶಾಲೆಯನ್ನು ದೂರುವಿರಿ. ವರುಷವಿಡೀ ‘ಸುಮ್ಮನಿರು, ಮಿಸ್ಸಿಗೆ ಹೇಳ್ತೀನಿ’ ಎಂದು ಹೆದರಿಸಿ, ಆ ಬಡಪಾಯಿ ಉಪಾಧ್ಯಾಯಿನಿಯನ್ನು ಗುಮ್ಮನ ಸಹೋದರಿಯನ್ನಾಗಿ ಮಾಡಿದವರೇ, ಮೊದಲ ದಿನ ‘ಹೋಗು, ಮಿಸ್ ಮುದ್ದು ಮಾಡ್ತಾರೆ’ ಎಂದು ಆಕೆಯ ಕೈಗೆ ಒಪ್ಪಿಸುವ ನಿಮ್ಮ ತರ್ಕಶುದ್ಧಿಯನ್ನು ಯಾವ ನೈಯಾಯಿಕನು ತಾನೇ ಮೆಚ್ಚನು?

ಮಗುವಿನ ಭಯವೇ ವಿದ್ಯೆಯ ಪರಮಶತ್ರುವೆಂದು ಬಗೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ, 1939ರಲ್ಲಿ ಮದರಾಸಿಗೆ ಬಂದಿಳಿದು ನಮ್ಮ ಶಿಕ್ಷಕರಿಗೆ ಪಾಠ ಹೇಳಿದ ಮಾರಿಯಾ ಮಾಂಟೆಸ್ಸೊರಿ, ರಾಜ್ಯಸಭೆಯಲ್ಲಿ ಎದ್ದುನಿಂತು ಎಳೆಯರ ಪಾಟೀಚೀಲದ ಭಾರದ ಬಗೆಗೆ ಮರುಗಿದ ನಮ್ಮ ಮೈಸೂರಿನ ಆರ್. ಕೆ. ನಾರಾಯಣ್, ಇವರಾರೂ ನಿಮ್ಮಷ್ಟು ಡೊನೇಶನ್ ತೆತ್ತವರಲ್ಲ. ಆದಕಾರಣ ಅವರ ಅಜ್ಞಾನವನ್ನು ಕ್ಷಮಿಸಿಬಿಡೋಣ. ಆದರೆ ನೀವೇ ಬಾಸರಕ್ಕೆ ಹೋಗಿ, ಗೋದಾವರಿಯ ತೀರದ ಸರಸ್ವತಿಯ ಸನ್ನಿಧಿಯಲ್ಲಿ ನಡೆಸಿದ ಅಕ್ಷರಾಭ್ಯಾಸವನ್ನು ಸ್ವಲ್ಪ ಸ್ಮರಿಸಿಕೊಳ್ಳಿರಿ. ಅಲ್ಲಿ ಮಗುವನ್ನು ದೂರದ ಬೆಂಚಿನಲ್ಲಿ ಕೂಡಿಸಿ ಬಾಗಿಲು ಹಾಕಿಕೊಳ್ಳಲಿಲ್ಲ. ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಅದರ ಬೆರಳನ್ನು ಹಿಡಿದು ಬರೆಯಿಸಿದಿರಿ. ಮೊದಲ ಅಕ್ಷರಕ್ಕೂ ಮಗುವಿಗೂ ನಡುವೆ ನಂಬಿಕೆಯ ತೊಡೆಯೊಂದಿರಬೇಕೆಂದು ನಮ್ಮ ಪೂರ್ವಿಕರು ಯಾವ ಮನಶ್ಶಾಸ್ತ್ರವನ್ನೂ ಓದದೆ ಅರಿತಿದ್ದರು. ನೀವು ಪ್ರಸಾದವನ್ನು ತಂದಿರಿ, ಅರ್ಥವನ್ನು ಅಲ್ಲಿಯೇ ಬಿಟ್ಟುಬಂದಿರಿ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟು. ಶಾಲೆ ತೆರೆಯುವುದಕ್ಕೆ ಮೊದಲೇ ಒಂದೆರಡು ಸಲ ಮಗುವನ್ನು ಅಲ್ಲಿಗೆ ಕರೆದೊಯ್ದು ಜಾರುಬಂಡೆಯನ್ನೂ ನಲ್ಲಿಯನ್ನೂ ಕಕ್ಕಸನ್ನೂ ತೋರಿಸಿರಿ. ಗಡಿಯಾರವನ್ನರಿಯದ ಅದಕ್ಕೆ ಹನ್ನೆರಡು ಗಂಟೆಯೆನ್ನದೆ, ‘ಡಬ್ಬಿ ಖಾಲಿ ಮಾಡಿ, ಹಾಡು ಹೇಳಿಯಾದ ಮೇಲೆ ಬರ್ತೀನಿ’ ಎಂದು ಅದರ ಕಾಲಮಾನದಲ್ಲಿಯೇ ಹೇಳಿರಿ. ಕಣ್ಣಿಗೆ ಕಣ್ಣಿಟ್ಟು ಒಂದೇ ಸಲ ಬೀಳ್ಕೊಂಡು ಹೊರಟುಬಿಡಿರಿ. ಅಳು ಬಂದರೆ ಅಳಲಿ, ಅಳುವುದು ಅವಮಾನವಲ್ಲವೆಂದೂ ತಿಳಿಸಿರಿ. ಫತೇನಗರದ ಸೇತುವೆಯ ಮೇಲೆ ಎಷ್ಟೇ ವಾಹನಸಂದಣಿಯಿದ್ದರೂ, ಹೇಳಿದ ಹೊತ್ತಿಗೆ ಗೇಟಿನೆದುರು ನಿಂತಿರಿ.

ಇವಾವುದಕ್ಕೂ ಶುಲ್ಕವಿಲ್ಲ, ರಸೀದಿ ದೊರೆಯದು, ಪ್ರಮಾಣಪತ್ರವಂತೂ ಮೊದಲೇ ಇಲ್ಲ. ಆದುದರಿಂದಲೇ ನೀವು ಇದನ್ನು ನಂಬುವುದು ಕಷ್ಟವೆಂಬುದನ್ನೂ ಬಲ್ಲೆನು.

ಇತಿ ತಮ್ಮ ವಿಧೇಯ,
ನರ್ಸರಿಯನ್ನೇ ಕಾಣದೆ ಬದುಕಿದ ಒಬ್ಬ ಅಜ್ಜ