ಟೊಮೇಟೊ ಟೈಮು

ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಪುಣ್ಯಾತ್ಮ ಕಾಲೇಜಿನಲ್ಲಿದ್ದಾಗ ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಓದುತ್ತಿದ್ದನಂತೆ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ಇದೇ ಜಗತ್ಪ್ರಸಿದ್ಧ ಪೊಮೊಡೊರೊ ವಿಧಾನ. ಆತನಿಗೆ ಮಳವಳ್ಳಿಯಲ್ಲಿ ಜಮೀನಿರಲಿಲ್ಲ, ಬಚಾವಾದ.

ನಾನೂ ಮೊಬೈಲಿನಲ್ಲಿ ಟೈಮರ್ ಇಟ್ಟು ಕಬ್ಬಿನ ಲೆಕ್ಕದ ಪುಸ್ತಕ ಬಿಚ್ಚಿದೆ. ಪಕ್ಕದ ಮನೆ ಅಣ್ಣ ಬಂದು ಜಗಲಿ ಮೇಲೆ ಕೂತ.

"ಏನ್ಲಾ, ಬಿಜಿನಾ?"

"ಹೂಂ ಕಣಣ್ಣ, ಇನ್ನೂ 22 ನಿಮಿಷ ಅದೆ."

"ಅಲ್ಲೀಗಂಟ ಯಾರ್ ಕಾಯ್ತಾರೆ? ಟೀ ಕುಡ್ಕೊಂಡ್ ಬರಣ ನಡಿ."

ಬೈಟೂ ಟೀ ಹೇಳಿದೆವು. ಕಟಾವಿನ ಆಳು, ಬೆಲ್ಲದ ರೇಟು, ಯಾರದೋ ಮದುವೆ ಮುರಿದದ್ದು ಎಲ್ಲ ಸಾಂಗವಾಗಿ ಮುಗಿಯುವಷ್ಟರಲ್ಲಿ ಜೇಬಿನಲ್ಲಿ ಟೈಮರ್ ಕಿರುಚಿತು. "ಯಾರೋ ಫೋನ್ ಮಾಡ್ತಾವ್ರೆ, ಎತ್ಲಾ" ಎಂದ ಅಣ್ಣ. ನಾನು ಎತ್ತಿ, "ಆಮೇಲ್ ಮಾಡಿ" ಎಂದೆ.

ನಿಜವಾಗಿ ನಮ್ಮ ವೇಳಾಪಟ್ಟಿ ಬರೆಯುವುದು ತ್ರೀ ಫೇಸ್ ಕರೆಂಟು. ನಮ್ಮದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಓಡಿತು. ನನ್ನ ಪಂಪ್‌ಸೆಟ್ಟಿಗೆ ಮಾತ್ರ ಅದು ಅಪರಾತ್ರಿಯ ನೆಂಟ. ಗುದ್ದಲಿ, ಟಾರ್ಚು ಹಿಡಿದು ಕಣ್ಣುಜ್ಜುತ್ತ ಗದ್ದೆಗೆ ಹೋದರೆ, ಬದುವಿನ ಮೇಲೆ ಅಣ್ಣ ಆಗಲೇ ಬೀಡಿ ಹಚ್ಚಿ ಕೂತಿದ್ದ.

"ಈಗೇನ್ ಬಿಜಿ ಇಲ್ವಲ್ಲ, ಕೂತ್ಕೊ."