ಕಣ್ಣಿನ ಮೋಜಣಿ

ಬೈಲಹೊಂಗಲ, ಸವದತ್ತಿ ಸೀಮೆಯ ಎರೆಹೊಲಗಳಲ್ಲಿ ಸರಪಳಿ ಎಳೆದೇ ನೌಕರಿ ಮುಗಿಸಿದವನು ನಾನು. ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವಂತಿಲ್ಲ ಎಂಬ ಸೊಕ್ಕು ಪಿಂಚಣಿಯ ಜೊತೆಗೇ ಮಂಜೂರಾಗಿದೆ. ಸಕ್ಕರೆ ಕಾಯಿಲೆ ಅದಕ್ಕೂ ಮೊದಲೇ ಬಂದಿತ್ತು.

ಅದರಿಂದ ಕಣ್ಣಿನ ಅಕ್ಷಿಪಟಲದ ನಡುವೆ ಬಾವು ಬಂದಿದೆಯೋ ನೋಡಲು ಬೆಳಗಾವಿಯ ಡಾಕ್ಟರು ಓಸಿಟಿ ಸ್ಕ್ಯಾನ್ ಬರೆದುಕೊಟ್ಟರು. 1991ರಲ್ಲಿ ಅಮೆರಿಕದ ಎಂಐಟಿಯವರು ಜಗತ್ತಿಗೆ ತೋರಿಸಿದ ವಿದ್ಯೆ ಇದು. ಬೆಳಕು ಬಿಟ್ಟು ಪಟಲದ ದಪ್ಪ ಅಳೆಯುತ್ತದೆ. ಆ ದಪ್ಪವಾದರೂ ಎಷ್ಟು, ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ನಾಲ್ಕು ಅಂಗುಲ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೋಡಿದ ನನಗೂ ಇದು ಅತಿಯೆನಿಸಿತು.

“ಹಳೇ ಮಷೀನು ನಡುವಿನಿಂದ ಹಾಯ್ದು ಆರೇ ಗೆರಿ ಎಳೀತಿತ್ರಿ ಅಜ್ಜಾರ. ಉಳಿದದ್ದು ಅಂದಾಜು,” ಎಂದಳು ಸ್ಕ್ಯಾನ್ ಮಾಡುವ ಹುಡುಗಿ.

ಆರು ಮಿಲಿಮೀಟರಿನ ವೃತ್ತ, ಆರು ಗೆರೆ: ಅಂಚಿಗೆ ಬಂದರೆ ಗೆರೆಗೂ ಗೆರೆಗೂ ಒಂದೂವರೆ ಮಿಲಿಮೀಟರ್ ಖಾಲಿ! “ನಡುವಿನ ಸವಳು ಬಿಟ್ಟು ಉತಾರ ಬರದಂಗಾತಲ್ಲ ಯವ್ವಾ!”

ಈಗಿನ ಯಂತ್ರಗಳು ಅಷ್ಟೇ ಅಗಲದ ಚೌಕದಲ್ಲಿ 128 ಗೆರೆಯನ್ನೂ ಎಳೆಯಬಲ್ಲವಂತೆ. ನಡುವೆ 47 ಮೈಕ್ರಾನ್ ಅಷ್ಟೇ. ಆದರೆ ಆಕೆ ನನಗೆ 25ಕ್ಕೇ ಹೊಂದಿಸಿದ್ದಳು. “ರೊಕ್ಕ ಪೂರ್ತಿ ಕೊಟ್ಟೇನಿ, ಗೆರೀನೂ ಪೂರ್ತಿ ಎಳಿ,” ಎಂದು ಪಟ್ಟು ಹಿಡಿದೆ.

ಅಲ್ಲಿನ ಯಂತ್ರ ಒಂದೊಂದು ಗೆರೆಯನ್ನೂ ಹಲವು ಸಲ ಎಳೆದು ಸರಾಸರಿ ತೆಗೆಯುವಂಥದು. ಕಣ್ಣು ಸರಿದರೆ ನಿಂತು, ಮರಳಿ ಬರುವವರೆಗೆ ಕಾಯುತ್ತದೆ. ಗದ್ದ ಊರಿ ನೀಲಿ ಚುಕ್ಕೆ ನೋಡಬೇಕು. ನನ್ನ ಕಣ್ಣೋ, ನಡೆಯುತ್ತಿದ್ದ ಕೆಂಪು ಗೆರೆಯ ಬೆನ್ನು ಹತ್ತಿತು.

“ಗೆರಿ ನೋಡಬ್ಯಾಡ್ರಿ ಅಜ್ಜಾರ!”

“ಸರಪಳಿ ಎತ್ತ ಹೊಂಟೈತಿ ನೋಡಬೇಕಲ್ಲ,” ಎಂದೆ. ಮಾತಾಡಿದ್ದಕ್ಕೆ ಗದ್ದ ಎದ್ದಿತು, ಯಂತ್ರ ನಿಂತಿತು. ಕಣ್ಣಲ್ಲಿ ನೀರು, ರೆಪ್ಪೆ ಪಟಪಟ. ಸರದಿಯಲ್ಲಿ ಕೂತಿದ್ದ ರಾಮದುರ್ಗದ ಮುದುಕಿ ಗೊಣಗಿದಳು: “ಇವರ ಕಣ್ಣಾಗ ಏನ್ ಆಸ್ತಿ ಹಂಚಾಕತ್ತಾರೇನ?”

ಕೊನೆಗೆ ಬಂದ ಚಿತ್ರದ ಮೇಲ್ಭಾಗ ರೆಪ್ಪೆಯ ನೆರಳಲ್ಲಿ ಮುಳುಗಿತ್ತು. ಯಂತ್ರ ಪದರದ ಗಡಿ ತಪ್ಪಿ, ದಪ್ಪ ಅಲ್ಲಿ ಏಕಾಏಕಿ ಪಾತಾಳಕ್ಕಿಳಿದಿತ್ತು. ಡಾಕ್ಟರು ನೋಡಿ, “25 ಗೆರೀನೇ ಎಳೀರಿ,” ಎಂದರು. ನಟ್ಟನಡುವಿನ ಒಂದು ಮಿಲಿಮೀಟರಿನ ಸರಾಸರಿ ದಪ್ಪ ಗೆರೆ ಕಡಿಮೆಯಾದರೂ ಹೆಚ್ಚೇನೂ ಏರುಪೇರಾಗದಂತೆ. ಎರಡು ಗೆರೆಗಳ ನಡುವೆ ನುಸುಳಿಕೊಳ್ಳುವುದು ಸಣ್ಣ ನೀರುಗುಳ್ಳೆ. ಅದನ್ನು ಹುಡುಕುವುದಿದ್ದರೆ ಒತ್ತೊತ್ತಾಗಿ ಎಳೆಯಬೇಕು, ಆದರೆ ಕಣ್ಣಿನ ಒಡೆಯನೂ ಸುಮ್ಮನಿರಬೇಕು.

ಬಾಯಿ ಮುಚ್ಚಿಕೊಂಡು ಕೂತೆ. ಸ್ಕ್ಯಾನ್ ಬೇಗ ಮುಗಿಯಿತು. ಆದರೂ ಹಳೆಯ ವರದಿ ತೆಗೆದು, “ದಪ್ಪ ಭಾಳ ಏರೇತಿ!” ಎಂದು ತಕರಾರು ಎತ್ತಿದೆ. ಅದು ಬೇರೆ ಯಂತ್ರದ್ದು. ಹಿಂದಿನ ಆರು ಗೆರೆಯ ಯಂತ್ರ ಪಟಲದ ತಳ ಎಂದು ಹಿಡಿದ ಪದರಕ್ಕಿಂತ ಹೊಸದು ಕೆಳಗೆ ಬಾಂದುಕಲ್ಲು ನೆಡುತ್ತದೆ. ಕಣ್ಣು ಇದ್ದಷ್ಟೇ ಇದ್ದರೂ ಅಂಕಿ ಏರುತ್ತದೆ. ಜೀವಮಾನವಿಡೀ ಬಾಂದುಕಲ್ಲು ಹುಡುಕಿದವನಿಗೆ ಇದನ್ನು ಡಾಕ್ಟರು ಬಿಡಿಸಿ ಹೇಳಬೇಕಾಯಿತು.

ಬಸ್ಸಿನಲ್ಲಿ ಇದನ್ನೆಲ್ಲ ಮನೆಯವಳಿಗೆ ವಿವರಿಸಿದೆ. ಎಲ್ಲಿ ಅಳೆದೆವು, ಎಷ್ಟು ಕಡೆ ಅಳೆದೆವು ಎಂಬುದರ ಮೇಲೆ ಅಂಕಿಯ ಮರ್ಯಾದೆ ನಿಂತಿದೆ ಎಂದೂ ಸೇರಿಸಿದೆ.

“ಹಂಗಾರ ನೀವು ಸೋಮವಾರ ಒಪ್ಪತ್ತು ಮಾಡಿ, ಮಂಗಳವಾರ ಮುಂಜಾನೆನ ಯಾಕ ಸಕ್ರಿ ಟೆಸ್ಟಿಗೆ ರಕ್ತ ಕೊಡ್ತೀರಿ?” ಎಂದಳು.