ಎ.ಎಫ್.ಎಂ. ಸ್ಲಾಟ್ ಸಿಕ್ಕವರಿಗೆ ಕೆಲವು ಉಪಯುಕ್ತ ಸೂಚನೆಗಳು

ಮೊದಲು, ಕೈ ತೊಳೆಯಬೇಡಿ. ಕ್ಯಾಂಟೀನಿನಲ್ಲಿ ಮಸಾಲೆದೋಸೆ ಮುಗಿಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ನೇರ ಲ್ಯಾಬಿಗೆ ಬನ್ನಿ. ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ಬಾಗಿಲಲ್ಲೇ ಕಾಣುತ್ತದೆ. ಹೊರಗೆ ಬಿಟ್ಟ ಚಪ್ಪಲಿ ಕಳುವಾಗುವ ಸಂಭವ ಇರುವುದರಿಂದ ಹಾಕಿಕೊಂಡೇ ಒಳಗೆ ಹೋಗಿ. ಅಲ್ಲಿ ದಪ್ಪ ಗ್ರಾನೈಟ್ ಕಲ್ಲಿನ ಮೇಲೆ, ಸದ್ದು ತಡೆಯುವ ಪೆಟ್ಟಿಗೆಯೊಳಗೆ, ಬಾಣಂತಿ ಕೋಣೆಯ ಕೂಸಿನ ಹಾಗೆ ಬೆಚ್ಚಗೆ ಕೂತಿರುವುದೇ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪು. ಇಡೀ ವಿಶ್ವವಿದ್ಯಾಲಯಕ್ಕೆ ಇರುವುದು ಇದೊಂದೇ. ಭೌತಶಾಸ್ತ್ರದವರು, ರಸಾಯನಶಾಸ್ತ್ರದವರು, ಬಯೋಟೆಕ್ನಾಲಜಿಯವರು, ಪಕ್ಕದ ಎಂಜಿನಿಯರಿಂಗ್ ಕಾಲೇಜಿನವರು, ಎಲ್ಲರಿಗೂ ಸೇರಿದ್ದು. ಅಂದರೆ ನಿಮಗೆ ಸೇರಿದ್ದಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಆದರೂ ಎಂಟು ವರ್ಷದಿಂದ ಪಿಎಚ್.ಡಿ. ಮಾಡುತ್ತಿರುವ ಅನುಭವಸ್ಥ ಹೇಳುತ್ತಿದ್ದೇನೆ, ಕೇಳಿ.

ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಗೋಜಿಗೆ ಹೋಗಬೇಡಿ. ವೈವಾದಲ್ಲಿ ಯಾರಾದರೂ ಕೇಳಿದರೆ ಒಪ್ಪಿಸಲು ಇಷ್ಟು ಬಾಯಿಪಾಠ ಮಾಡಿ: ಇದು ಕಣ್ಣಿಲ್ಲದ ಮೈಕ್ರೋಸ್ಕೋಪು, ಬ್ರೈಲ್ ಓದುವ ಬೆರಳಿನ ಹಾಗೆ ಸವರಿ ತಿಳಿಯುತ್ತದೆ. ಎಳ್ಳಿನ ಗಾತ್ರದ ಒಂದು ಸಿಲಿಕಾನ್ ಚೂರು. ಅದರ ಅಂಚಿನಿಂದ ಚಾಚಿಕೊಂಡ, ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಉದ್ದದ ಕ್ಯಾಂಟಿಲಿವರ್. ಅದರ ತುದಿಯಲ್ಲಿ ಒಂದು ಮೊನೆ. ಅದನ್ನೇ ಟಿಪ್ ಎನ್ನುವುದು. ಹೊಸ ಟಿಪ್ಪಿನ ತುದಿಯ ತ್ರಿಜ್ಯ 10 ನ್ಯಾನೋಮೀಟರಿಗಿಂತ ಕಡಿಮೆ. ನಿಮ್ಮ ಉಗುರು ಸೆಕೆಂಡಿಗೆ ಸುಮಾರು ಒಂದು ನ್ಯಾನೋಮೀಟರ್ ಬೆಳೆಯುತ್ತದೆ. ಹತ್ತು ಸೆಕೆಂಡಿನ ಉಗುರು ಎಂದುಕೊಳ್ಳಿ. ಕ್ಯಾಂಟಿಲಿವರಿನ ಬೆನ್ನಿಗೆ ಬಿದ್ದ ಲೇಸರ್ ಪುಟಿದು, ನಾಲ್ಕು ಹೋಳಿನ ಫೋಟೋಡಯೋಡಿನ ಮೇಲೆ ಕೂರುತ್ತದೆ. ಮೊನೆ ಏರಿಳಿದಂತೆ ಚುಕ್ಕಿ ಸರಿಯುತ್ತದೆ, ಕಂಪ್ಯೂಟರ್ ಅದರ ಲೆಕ್ಕ ಹಿಡಿದು ಚಿತ್ರ ಬರೆಯುತ್ತದೆ. ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗರ್ಬರ್ ಎಂಬ ಮೂವರು 1986ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದಾಗ ಚಿನ್ನದ ತಗಡಿಗೆ ವಜ್ರದ ಚೂರು ಅಂಟಿಸಿಕೊಂಡಿದ್ದರು. ಅವರದ್ದು ಚಿನ್ನ, ವಜ್ರ, ಜೋಪಾನ ಮಾಡಿದರು. ನಮಗೆ ಕೊಟ್ಟಿರುವುದು ಸಿಲಿಕಾನ್.

ಈಗ ಸ್ಲಾಟ್ ಬುಕಿಂಗ್. ತಿಂಗಳ ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಳೆ ಅಂಟಿಸುತ್ತಾರೆ. ಎಂಟೂವರೆಗೇ ಹೋಗಿ ನಿಂತು, ಸಿಕ್ಕ ಚೌಕಗಳಲ್ಲೆಲ್ಲ ಹೆಸರು ಬರೆಯಿರಿ. ಸ್ಯಾಂಪಲ್ಲೇ ತಯಾರಾಗಿಲ್ಲವಲ್ಲ ಎಂದು ಅಳುಕಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಸಂಪ್ರದಾಯ. ಒಬ್ಬರಿಗೆ ತಿಂಗಳಿಗೆ ಎರಡೇ ಸಲ ಎಂಬ ನಿಯಮವಿದ್ದರೆ ರೂಮ್‌ಮೇಟಿನ ಹೆಸರು ಬರೆಯಿರಿ. ಅವನು ಕನ್ನಡ ಎಂ.ಎ. ಓದುತ್ತಿದ್ದರೂ ಅಡ್ಡಿಯಿಲ್ಲ, ಹಳಗನ್ನಡಕ್ಕೂ ಮೇಲ್ಮೈ ಅಧ್ಯಯನ ಬೇಕಾಗಬಹುದು. ನಿಮ್ಮ ಸರದಿಯ ದಿನ ಬರಲಾಗದಿದ್ದರೆ ಯಾರಿಗೂ ತಿಳಿಸಬೇಡಿ. ಖಾಲಿ ಕೂತ ಯಂತ್ರ ಸವೆಯುವುದಿಲ್ಲ. ದೇಶದ ಉಪಕರಣಗಳನ್ನು ಎಲ್ಲ ಸಂಶೋಧಕರೂ ಹಂಚಿಕೊಂಡು ಬಳಸಲಿ ಎಂದು ಐ-ಸ್ಟೆಮ್ ಎಂಬ ಪೋರ್ಟಲ್ಲನ್ನು 2020ರ ಜನವರಿಯಲ್ಲಿ ಬೆಂಗಳೂರಿನ ಸೈನ್ಸ್ ಕಾಂಗ್ರೆಸ್ಸಿನಲ್ಲೇ ಉದ್ಘಾಟಿಸಿದರು. ಒಳ್ಳೆಯ ಉದ್ದೇಶ. ಅಲ್ಲಿಂದ ಯಾರಾದರೂ ಸ್ಲಾಟ್ ಕೇಳಿಕೊಂಡು ಬಂದರೆ ‘ರಿಪೇರಿಯಲ್ಲಿದೆ’ ಎಂದುಬಿಡಿ. ನನ್ನ ಮುಂದಿನ ಸೂಚನೆಗಳನ್ನು ಪಾಲಿಸಿದರೆ ಆ ಮಾತು ಸುಳ್ಳೂ ಆಗುವುದಿಲ್ಲ.

ರಾತ್ರಿಯ ಸ್ಲಾಟ್ ತೆಗೆದುಕೊಳ್ಳಬೇಡಿ. ಆಗ ಲಿಫ್ಟ್ ಓಡುವುದಿಲ್ಲ, ಕಾರಿಡಾರಿನಲ್ಲಿ ಜನರಿಲ್ಲ, ಕಟ್ಟಡ ಅಲುಗದೆ ನಿಂತಿರುತ್ತದೆ. ಇಂಥ ನೀರಸ ವಾತಾವರಣದಲ್ಲಿ ಒಳ್ಳೆಯ ಚಿತ್ರ ಬಂದುಬಿಡುವ ಅಪಾಯವಿದೆ. ಮಧ್ಯಾಹ್ನ ಎರಡಕ್ಕೆ ಬನ್ನಿ. ಎ.ಸಿ.ಯನ್ನು 18ಕ್ಕೆ ಇಟ್ಟು, ಚಳಿಯಾದಾಗ ಆರಿಸಿ, ಸೆಕೆಯಾದಾಗ ಮತ್ತೆ ಹಾಕಿ. ತಾಪಮಾನ ಏರಿಳಿದಂತೆ ಸ್ಯಾಂಪಲ್ಲು ಹಿಗ್ಗಿ ಕುಗ್ಗಿ ಟಿಪ್ಪಿನ ಕೆಳಗಿಂದ ಮೆಲ್ಲಗೆ ಜಾರುತ್ತದೆ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಗುಂಡಗಿರುವುದೆಲ್ಲ ಮೊಟ್ಟೆಯಾಕಾರಕ್ಕೆ ಬರುತ್ತದೆ. ಮೊಬೈಲನ್ನು ವೈಬ್ರೇಷನ್ನಿಗೆ ಹಾಕಿ ಅದೇ ಗ್ರಾನೈಟ್ ಕಲ್ಲಿನ ಮೇಲಿಡಿ. ಅಮ್ಮನ ಫೋನ್ ಬಂದಾಗಲೆಲ್ಲ ಚಿತ್ರದಲ್ಲಿ ಒಂದು ಪಟ್ಟೆ ಮೂಡುತ್ತದೆ. ಊಟ ಆಯಿತಾ ಎಂದು ಎಷ್ಟು ಸಲ ಕೇಳಿದರು ಎಂಬುದಕ್ಕೆ ಅದೇ ದಾಖಲೆ.

ಸ್ಯಾಂಪಲ್ ಅಂಟಿಸುವ ಕೆಲಸವನ್ನು ಬೇಗ ಮುಗಿಸಿ. ಸ್ಟೀಲ್ ಬಿಲ್ಲೆಯ ಮೇಲೆ ಮೆತ್ತನೆಯ ಫೋಮ್ ಟೇಪು ಹಚ್ಚಿ, ಮೇಲೆ ಸ್ಯಾಂಪಲ್ ಇಟ್ಟು ಹೆಬ್ಬೆರಳಿನಿಂದ ಒತ್ತಿ. ದೋಸೆಯ ಬೆಣ್ಣೆ ನೆನಪಿದೆಯಲ್ಲ, ಅದು ಈಗ ಕೆಲಸಕ್ಕೆ ಬರುತ್ತದೆ. ಈ ಯಂತ್ರ ಮೇಲಕ್ಕೂ ಕೆಳಕ್ಕೂ ಏರಿಳಿಯಬಲ್ಲದ್ದು ಕೆಲವೇ ಮೈಕ್ರೋಮೀಟರ್. ಆದ್ದರಿಂದ ಕಣ್ಣಿಗೇ ಕಾಣುವಂಥ ಗುಡ್ಡೆಗಳಿರುವ ಸ್ಯಾಂಪಲ್ಲನ್ನೇ ಆರಿಸಿಕೊಂಡು ತನ್ನಿ.

ಇನ್ನು ಟಿಪ್. ಇದು ಈ ವಿದ್ಯೆಯ ಹೃದಯ, ನಿಧಾನವಾಗಿ ಓದಿ. ಟಿಪ್ಪುಗಳು ಹತ್ತು ಹತ್ತರಂತೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ತಳದಲ್ಲಿ ಅಂಟು ಅಂಟಾದ ಜೆಲ್, ಅದರ ಮೇಲೆ ಸಾಲಾಗಿ ಮಲಗಿದ ಎಳ್ಳುಕಾಳುಗಳು. ಡಬ್ಬಿಯನ್ನು ವಿದೇಶದಿಂದ ತರಿಸಬೇಕು, ಮೂರು ಕೊಟೇಶನ್ ಬೇಕು, ಫೈನಾನ್ಸ್ ಆಫೀಸರ್ ಸಹಿ ಬೇಕು. ಈ ವರ್ಷ ಬರೆದ ಇಂಡೆಂಟಿಗೆ ಬರುವ ವರ್ಷ ಡಬ್ಬಿ. ಚಿಮುಟದಿಂದ ಒಂದನ್ನು ಎತ್ತಿ. ಕೈ ನಡುಗಿತೇ? ಬೀಳಲಿ ಬಿಡಿ. ಬಿದ್ದ ಟಿಪ್ಪನ್ನು ಹುಡುಕಲು ನೆಲದ ಮೇಲೆ ಕೈಯಾಡಿಸಿ. ಸಿಕ್ಕರೆ ಮೊನೆ ಮೇಲಿದೆಯೋ ಕೆಳಗಿದೆಯೋ ನೋಡದೆ ಹೋಲ್ಡರಿಗೆ ಸಿಕ್ಕಿಸಿ.

ಕೆಲಸ ಮುಗಿದ ಮೇಲೆ, ಸವೆದು ಮೊಂಡಾದ ಅದೇ ಟಿಪ್ಪನ್ನು ತೆಗೆದ ಜಾಗದಲ್ಲೇ ಮರಳಿ ಮಲಗಿಸಿ. ಬೇರೆ ಡಬ್ಬಿಗೆ ಹಾಕಬೇಡಿ, ಗುರುತು ಮಾಡಬೇಡಿ, ಅಕ್ಕಪಕ್ಕದವು ಹೇಗಿದ್ದವೋ ಹಾಗೆಯೇ ನೇರ ಸಾಲಿನಲ್ಲಿಡಿ. ಹೊಸದಕ್ಕೂ ಹಳೆಯದಕ್ಕೂ ಬರಿಗಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮೊನೆ ಸವೆದಿದೆಯೋ ಇಲ್ಲವೋ ಎಂದು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬೇಕು, ಅದರ ಸ್ಲಾಟಿನ ಸರದಿ ಇದಕ್ಕಿಂತ ಉದ್ದ. ನಾಳೆ ಬರುವ ಜೂನಿಯರ್ ಹುಡುಗಿ ಡಬ್ಬಿ ತೆರೆದು, ‘ಅಣ್ಣಾ, ಇದು ಹೊಸದೇ ಅಲ್ವಾ?’ ಎಂದು ಕೇಳುತ್ತಾಳೆ. ‘ಸೀಲ್ ಒಡೆದದ್ದೇ ನಿನ್ನೆ ಕಣಮ್ಮಾ’ ಎನ್ನಿ. ಸೀಲ್ ಒಡೆದದ್ದು ನಿನ್ನೆಯೇ, ಮಾತಿನಲ್ಲಿ ಸುಳ್ಳೇನಿಲ್ಲ. ಅವಳು ಮೂರು ದಿನ ಕೂತು, ಪ್ರತಿ ಕಣವೂ ಒಂದೇ ದಿಕ್ಕಿಗೆ ಮುಖ ಮಾಡಿದ ತ್ರಿಕೋನವಾಗಿ ಬರುವುದನ್ನು ಕಂಡು, ಸ್ಯಾಂಪಲ್ಲನ್ನೇ ಬೈದುಕೊಂಡು ಮತ್ತೆ ತಯಾರಿಸುತ್ತಾಳೆ. ಅವಳು ನೋಡುತ್ತಿರುವುದು ಸ್ಯಾಂಪಲ್ಲಿನ ಕಣಗಳನ್ನಲ್ಲ. ನಿಮ್ಮ ಮುರುಕು ಟಿಪ್ಪಿನ ಮುಖವನ್ನು ಸಾವಿರ ಸಲ. ಇದನ್ನು ಅವಳಿಗೆ ಹೇಳಬೇಡಿ. ನನಗೂ ಯಾರೂ ಹೇಳಿರಲಿಲ್ಲ. ನಾನು ಕಳೆದುಕೊಂಡದ್ದು ಮೂರು ದಿನವಲ್ಲ, ಒಂದು ಸೆಮಿಸ್ಟರ್.

ನಿಜವಾದ ಹೊಸ ಟಿಪ್ಪೊಂದನ್ನು ನಿಮಗಾಗಿ ಎತ್ತಿಟ್ಟುಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಡಬ್ಬಿ ಬಂದ ದಿನವೇ ತೆಗೆದು, ಡ್ರಾಯರಿನಲ್ಲಿ, ಹೈಸ್ಕೂಲಿನ ಹಳೆಯ ಜ್ಯಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಡಿ. ಇದು ಕಳ್ಳತನವಲ್ಲ, ದೂರದೃಷ್ಟಿ.

ಟಿಪ್ಪನ್ನು ಸ್ಯಾಂಪಲ್ಲಿನ ಹತ್ತಿರ ಇಳಿಸುವಾಗ ಮೋಟಾರನ್ನು ಜೋರಾಗಿ ಬಿಡಿ. ಸ್ವಯಂಚಾಲಿತ ಎಂಗೇಜ್ ಗುಂಡಿ ಇದೆ, ಅದು ಮೇಲ್ಮೈ ಸಿಕ್ಕ ತಕ್ಷಣ ನಿಲ್ಲುತ್ತದೆ. ಆದರೆ ಬಲು ನಿಧಾನ. ಕೈಯಿಂದಲೇ ಇಳಿಸಿ. ಪರದೆಯ ಮೇಲೆ ಟಿಪ್ಪೂ ಸ್ಯಾಂಪಲ್ಲೂ ಒಟ್ಟಿಗೆ ನಿಚ್ಚಳವಾಗಿ ಕಂಡ ಕ್ಷಣ ನಿಲ್ಲಿಸಿ. ತಡವಾಯಿತು, ಆದರೂ ನಿಲ್ಲಿಸಿ. ಕಾರು ಗೋಡೆಗೆ ಗುದ್ದಿದರೆ ಬೀದಿಯೆಲ್ಲ ಸೇರುತ್ತದೆ. ಟಿಪ್ ಗುದ್ದಿದರೆ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಇಷ್ಟು ಮರ್ಯಾದಸ್ಥ ಅಪಘಾತ ಬೇರೆ ಯಾವ ಯಂತ್ರದಲ್ಲೂ ಸಿಗದು.

ಟಿಪ್ ಮೇಲ್ಮೈಗೆ ತಾಗಿಕೊಂಡೇ ಸಾಗುವ ಕಾಂಟ್ಯಾಕ್ಟ್ ಮೋಡಿನಲ್ಲಿ ಸೆಟ್‌ಪಾಯಿಂಟ್ ಏರಿಸಿದರೆ ಟಿಪ್ ಹೆಚ್ಚು ಒತ್ತುತ್ತದೆ, ಕುಣಿಯುತ್ತ ತಟ್ಟಿ ತಟ್ಟಿ ಸಾಗುವ ಟ್ಯಾಪಿಂಗ್ ಮೋಡಿನಲ್ಲಿ ಇಳಿಸಿದರೆ ಹೆಚ್ಚು ಒತ್ತುತ್ತದೆ. ಗೊಂದಲವಾಯಿತೇ? ಒಂದರಲ್ಲಿ ಏರಿಸಿ, ಇನ್ನೊಂದರಲ್ಲಿ ಇಳಿಸಿ, ಎರಡರಲ್ಲೂ ಚೆನ್ನಾಗಿ ಒತ್ತಿ. ಗೇನ್ ಕೂಡ ಪೂರ್ತಿ ಏರಿಸಿ. ಫೀಡ್‌ಬ್ಯಾಕು ತತ್ತರಿಸಿ, ಚಿತ್ರದ ತುಂಬ ಸಮಾನಾಂತರ ಅಲೆಗಳು ಎದ್ದು ಬರುತ್ತವೆ. ಆ ಅಲೆಗಳಿಗೆ ‘ಸ್ವಯಂ ಜೋಡಣೆಗೊಂಡ ನ್ಯಾನೋ ರಚನೆ’ ಎಂದು ಹೆಸರಿಡಿ. ಸೆಕೆಂಡಿಗೊಂದು ಗೆರೆಯಂತೆ 512 ಗೆರೆ ಸ್ಕ್ಯಾನ್ ಮಾಡಿದರೆ ಒಂದು ಚಿತ್ರಕ್ಕೆ ಎಂಟೂವರೆ ನಿಮಿಷ. ಸೆಕೆಂಡಿಗೆ ಹತ್ತು ಗೆರೆ ಮಾಡಿ, ಒಂದು ನಿಮಿಷದೊಳಗೆ ಮುಗಿಯುತ್ತದೆ. ಉಬ್ಬು ಹತ್ತಿದ ಟಿಪ್ಪಿಗೆ ಇಳಿಯಲು ಪುರಸೊತ್ತು ಸಿಗದೆ ಪ್ರತಿ ಕಣಕ್ಕೂ ಧೂಮಕೇತುವಿನಂಥ ಬಾಲ ಬರುತ್ತದೆ. ಬಾಲ ಬಂದರೆ ಬರಲಿ, ಉಳಿದ ಏಳು ನಿಮಿಷದಲ್ಲಿ ಟೀ ಕುಡಿಯಬಹುದು.

ಚಿತ್ರ ಓರೆಯಾಗಿ ಬಂದರೆ ಗಾಬರಿಯಾಗಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮವರು ಆಡಿಕೊಳ್ಳುತ್ತಿದ್ದರು. ಟ್ಯಾಪಿಂಗ್ ಮೋಡಿನ ಟಿಪ್ ಸೆಕೆಂಡಿಗೆ ಸುಮಾರು ಮೂರು ಲಕ್ಷ ಸಲ ಕುಣಿಯುತ್ತದೆ, ಮತ್ತು ಇಲ್ಲಿ ನೆಲ ನಿಜವಾಗಿಯೂ ಡೊಂಕು. ನೆಲವನ್ನು ನೇರ ಮಾಡಲು ಸಾಫ್ಟ್‌ವೇರಿನಲ್ಲಿ ಗುಂಡಿಯೇ ಇದೆ. ಒಂದು ಸಲ ಒತ್ತಿದರೆ ಸಾಕಾಗುತ್ತದೆ. ನೀವು ಆರು ಸಲ ಒತ್ತಿ. ಡೊಂಕಿನ ಜೊತೆ ನಿಜವಾದ ಉಬ್ಬುತಗ್ಗುಗಳೂ ಮಾಯವಾಗಿ, ಒರಟುತನದ ಅಂಕಿ ಗೈಡಿಗೆ ಬೇಕಾದಷ್ಟಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಇನ್ನೂ ಚಿಕ್ಕ ಜಾಗ ಆರಿಸಿ. ಬಯಲುಸೀಮೆಯಲ್ಲಿ ಕೂಡ ಹುಡುಕಿದರೆ ಒಂದು ಗುಡ್ಡ ಸಿಗುತ್ತದೆ, ಮಲೆನಾಡಿನಲ್ಲಿ ಕೂಡ ಒಂದು ಕಬಡ್ಡಿ ಅಂಕಣದಷ್ಟು ಸಪಾಟು ನೆಲ ಸಿಗುತ್ತದೆ. ನಲವತ್ತು ಚಿತ್ರದಲ್ಲಿ ಚೆನ್ನಾಗಿ ಬಂದ ಒಂದೇ ಒಂದಕ್ಕೆ ‘ಪ್ರಾತಿನಿಧಿಕ ಚಿತ್ರ’ ಎಂದು ಬರೆಯಿರಿ. ಬಣ್ಣ ನಿಮ್ಮಿಷ್ಟ; ಯಂತ್ರಕ್ಕೆ ತಿಳಿದಿರುವುದು ಎತ್ತರ ಮಾತ್ರ, ಬಣ್ಣ ಬಳಿಯುವವರು ನೀವು. ಮೂರು ಆಯಾಮದ ನೋಟದಲ್ಲಿ ಲಂಬ ಅಳತೆಯನ್ನು ಎಳೆದೆಳೆದು ಎರಡು ನ್ಯಾನೋಮೀಟರಿನ ಬೊಕ್ಕೆಯನ್ನು ಕುದುರೆಮುಖ ಮಾಡಿ.

ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತದೆ. ಭಕ್ತಿಯಲ್ಲಿ ಕೊರತೆ ಮಾಡಬೇಡಿ. ಪೆಟ್ಟಿಗೆಯ ಬಾಗಿಲು ತೆರೆದು ಸ್ಕ್ಯಾನರಿಗೇ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರವನ್ನು ಲೇಸರಿನ ಮೇಲೆ ಇಳಿಬಿಡಿ, ಊದುಬತ್ತಿಯ ಕಟ್ಟನ್ನೇ ಹಚ್ಚಿ ಮೂರು ಸುತ್ತು ಸುತ್ತಿಸಿ. ಬೂದುಗುಂಬಳವನ್ನು ಬಾಗಿಲಲ್ಲೇ ಒಡೆಯಿರಿ. ಕಲ್ಲಿನ ಮೇಲೆ ಒಡೆದರೆ ಇನ್ನೂ ವಿಶೇಷ. ಊದುಬತ್ತಿಯ ಹೊಗೆಯ ಕಣಗಳು ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತ ಸಣ್ಣವು, ಅಂದರೆ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಗಾತ್ರ. ಹಬ್ಬ ಮುಗಿದ ವಾರದಲ್ಲಿ ಯಾವ ಸ್ಯಾಂಪಲ್ ಇಟ್ಟರೂ ಅದರ ಮೇಲೆ ಕಣಗಳು ಕಾಣುತ್ತವೆ. ಸಂಶ್ಲೇಷಣೆ ಕೈಕೊಟ್ಟವರು ಆ ವಾರದ ಸ್ಲಾಟಿಗೆ ಪ್ರಯತ್ನಿಸಿ.

ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಳ್ಳಿ. ಹಿಂದಿನ ದಿನ ಅದನ್ನು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ ತಂದಿರಬೇಕು. ಮರುದಿನ ಎಲ್ಲರ ಫೋಲ್ಡರುಗಳೂ ಶಾರ್ಟ್‌ಕಟ್ಟುಗಳಾಗಿ ಬದಲಾಗಿರುತ್ತವೆ. ಆಪರೇಟರ್ ಕೇಳಿದರೆ, ‘ನಾನು ಬರುವಾಗಲೇ ಹಾಗಿತ್ತು ಸರ್’ ಎನ್ನಿ.

ಲಾಗ್‌ಬುಕ್ ತುಂಬದೆ ಹೋಗಬೇಡಿ, ಅದು ಅಶಿಸ್ತು. ಹೆಸರು, ವಿಭಾಗ, ಬಂದ ವೇಳೆ, ಹೋದ ವೇಳೆ. ‘ಟಿಪ್ಪಿನ ಸ್ಥಿತಿ’ ಎಂಬ ಅಂಕಣದಲ್ಲಿ ‘ಓಕೆ’. ನಾನು ಒಂದು ಸಂಜೆ ಬಿಡುವು ಮಾಡಿಕೊಂಡು ಆ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ ನೋಡಿದ್ದೇನೆ. ಸ್ಕ್ಯಾನರ್ ಸುಟ್ಟುಹೋದ ದಿನವೂ ‘ಓಕೆ’, ಎಂಜಿನಿಯರ್ ಬಂದು ತಲೆಯಾಡಿಸಿ ಹೋದ ದಿನವೂ ‘ಓಕೆ’, ಕರೆಂಟೇ ಇಲ್ಲದ ದಿನವೂ ಯಾರೋ ಮೂರು ಗಂಟೆ ಕೆಲಸ ಮಾಡಿ ‘ಓಕೆ’ ಬರೆದಿದ್ದಾರೆ. ಅದರಲ್ಲಿ ಅರ್ಧ ನನ್ನದೇ ಅಕ್ಷರ.

ಕೊನೆಗೆ ಒಂದು ಸ್ವಂತ ಕೋರಿಕೆ. ನನ್ನ ಡ್ರಾಯರಿನ ಜ್ಯಾಮಿಟ್ರಿ ಬಾಕ್ಸಿನಲ್ಲಿದ್ದ ಹೊಸ ಟಿಪ್ ಹೋದ ವಾರದಿಂದ ಸ್ವಲ್ಪ ವಾರೆಯಾಗಿ ಕೂತಿದೆ. ನಾನು ಯಾವತ್ತೂ ನೇರ ಇಡುವವನು. ಬುಧವಾರ ಎರಡು ಗಂಟೆಗೆ ನನ್ನ ಸ್ಲಾಟ್, ಥೀಸಿಸ್ಸಿಗೆ ಒಂದೇ ಚಿತ್ರ ಬಾಕಿ. ತೆಗೆದವರು ಯಾರೆಂದು ಕೇಳುವುದಿಲ್ಲ. ಬಳಸಿದ್ದರೆ ‘ಬಳಸಿದ್ದೇನೆ’ ಎಂದು ಒಂದು ಚೀಟಿ ಬರೆದು ಅದರ ಪಕ್ಕದಲ್ಲಿಡಿ, ಅಷ್ಟು ಸಾಕು.